ಬರಿದಲೆಯಲ್ಲಿ ಚೆಂಬೂರಿನ ಕುಬಸಕ್ಕೆ

ಧಾರವಾಡದಲ್ಲಿ ನಾವು ಗಾಡಿ ಹತ್ತಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ದೀಪಾವಳಿ ಆಗಷ್ಟೇ ಮುಗಿದಿತ್ತು. ಮೀರಜದಿಂದ ಪುಣೆಗೆ ದೊಡ್ಡ ಹಳಿ ಬಂದ ಮೇಲೆ ಮುಂಬಯಿ ಹತ್ತಿರವಾಯಿತೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಮೀರಜದವರೆಗೆ ನಮಗೆ ಸಣ್ಣ ಗಾಡಿಯೇ ಗತಿ. ಅಲ್ಲಿ ಟ್ರಂಕು, ಹಾಸಿಗೆ ಸುರುಳಿ, ಅಂಟಿನ ಉಂಡೆಯ ಡಬ್ಬಿ ಎಲ್ಲವನ್ನೂ ಇಳಿಸಿ, ಕೂಲಿಯವನ ಹಿಂದೆ ಓಡಿ, ಮುಂಬಯಿ ಗಾಡಿಯಲ್ಲಿ ಜಾಗ ಹಿಡಿದೆವು. ರಾತ್ರಿ ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಮ್ಮವರು ಹೊಟ್ಟೆ ತುಂಬ ಉಂಡು ಮಲಗಿದರು. ನಾನು ಕಿಟಕಿಯ ಪಕ್ಕ ಕೂತು ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ, ಗಾಳಿಗೆ ಹಾರಬಾರದೆಂದು.

ಹೊರಟಿದ್ದಕ್ಕೆ ಕಾರಣ ಎರಡು. ತಂಗಿ ಶಾಂತಾಳ ಮಗಳು ಉಷಾಳ ಕುಬಸ ಒಂದು. ಮದುವೆಯಾಗಿ ಆರು ವರ್ಷಕ್ಕೆ ಬಸಿರಾದ ಹುಡುಗಿ, ಹೋಗದೆ ಇರಲಾದೀತೇ? ಇನ್ನೊಂದು ಕಾರಣ ನನ್ನ ತಲೆ. ಆಷಾಢದಲ್ಲಿ ಬಾಚಣಿಗೆಗೆ ಉಂಡೆ ಉಂಡೆ ಕೂದಲು ಬರತೊಡಗಿತು. ಮೊದಲು ಕಿವಿಯ ಹಿಂದೆ ರೂಪಾಯಿ ಅಗಲದಷ್ಟು ಜಾಗ ನುಣ್ಣಗಾಯಿತು, ದಸರೆಯ ಹೊತ್ತಿಗೆ ಇಡೀ ತಲೆ. ಗರುಗದ ಎಣ್ಣೆ, ಉಳ್ಳಾಗಡ್ಡಿಯ ರಸ, ದಾಸವಾಳದ ಎಲೆ ಎಲ್ಲ ಆದವು. ಚೌರಿ ಕಟ್ಟೋಣವೆಂದರೆ ಅದನ್ನು ಕಟ್ಟಲಿಕ್ಕಾದರೂ ಸ್ವಂತದ್ದು ನಾಲ್ಕು ಎಳೆ ಬೇಕು. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸಿನ ತಲೆ ಬೋಳಾಗಿದ್ದರೆ ಜನ ಅದಕ್ಕೆ ಒಂದೇ ಅರ್ಥ ಮಾಡುತ್ತಾರೆ. ಆದ್ದರಿಂದ ಗಂಡ ಎದುರಿಗೇ ಗೊರಕೆ ಹೊಡೆಯುತ್ತಿದ್ದರೂ ನಾನು ಕುಂಕುಮವನ್ನು ಎಂದಿಗಿಂತ ದೊಡ್ಡದಾಗಿ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ದಾದರಿನಲ್ಲಿ ಶಾಂತಾ ಕಾಯುತ್ತಿದ್ದಳು. ಅಲ್ಲಿಂದ ಕುರ್ಲಾಕ್ಕೆ ಒಂದು ಲೋಕಲ್, ಕುರ್ಲಾದಿಂದ ಚೆಂಬೂರಿಗೆ ಇನ್ನೊಂದು. ಟ್ರಂಕು ಹೊತ್ತು ಲೋಕಲ್ ಹತ್ತುವುದೆಂದರೇನು ಎಂದು ನಮ್ಮವರಿಗೆ ಅಂದು ತಿಳಿಯಿತು. ಚೆಂಬೂರಿನಲ್ಲಿ ಇಳಿದ ಕೂಡಲೇ ಗಾಳಿಯಲ್ಲಿ ಕಾರಖಾನೆಯ ವಾಸನೆ. ಶಾಂತಾಳದು ಕಾಲನಿಯ ಮೂರನೆಯ ಮಜಲೆ, ಎರಡು ಖೋಲಿ, ಎದುರಿಗೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಅವಳ ಗಂಡನಿಗೆ ಆ ವಾರ ರಾತ್ರಿ ಪಾಳಿ. ಬಾಗಿಲು ತೆರೆದು ನಮಸ್ಕಾರ ಮಾಡಿ ಮತ್ತೆ ಮಲಗಿಬಿಟ್ಟರು.

ಎಡವಟ್ಟಾದದ್ದು ಅದೇ ದಿನ. ಸ್ನಾನ ಮಾಡಿ ಗ್ಯಾಲರಿಯಲ್ಲಿ ಸೀರೆ ಒಣಹಾಕುತ್ತಿದ್ದೆ. ಎರಡೂ ಕೈ ಮೇಲಿದ್ದವು. ಸೆರಗು ಜಾರಿತು. ಪಕ್ಕದ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಉಡುಪಿ ಕಡೆಯ ಸುಮತಿ, ಶಾಂತಾಳ ನೆರೆಯವಳು, ನನ್ನ ತಲೆ ನೋಡಿ ಮೊರ ಬದಿಗಿಟ್ಟು ಎದ್ದು ನಿಂತಳು. ಬೈಯುತ್ತಾಳೋ, ಓಡುತ್ತಾಳೋ ಎಂದು ನಾನು ನೋಡುತ್ತಿದ್ದರೆ ಕೈಮುಗಿದಳು!

“ಅಕ್ಕ ತಿರುಪತಿಗೆ ಹೋಗಿ ಬಂದದ್ದಾ? ಹೆಂಗಸರು ಇಡೀ ಮುಡಿ ಕೊಡುವುದು ಅಂದ್ರೆ ಸಾಮಾನ್ಯ ಅಲ್ಲ ಮಾರಾಯ್ರೆ. ಎಂಥ ಹರಕೆ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಶಾಂತಾ ಬಂದಳು. “ಹೌದ್ರಿ ಸುಮತಿಯವರ. ನಮ್ಮ ಉಷಾನ ಸಲುವಾಗಿನ ಹರಕಿ. ಏಳು ತಿಂಗಳ ತುಂಬಿದ ಕೂಡಲೇ ತೀರಿಸಿ ಬಂದಾರ ಅಕ್ಕ.”

ಒಳಗೆ ಕರೆದು ಕೇಳಿದೆ, “ಏನೇ ಇದು?”

“ಮತ್ತೇನ್ ಹೇಳ್ಬೇಕಿತ್ತು? ರೋಗ ಅಂದ್ರ ಈ ಮಜಲೇದಾಗ ಒಬ್ಬಾಕಿನೂ ಕುಬಸಕ್ಕ ಬರೂದಿಲ್ಲ. ನಳ ಒಂದೇ ಅದ ಎಲ್ಲಾರಿಗೂ. ಸುಮ್ನಿರು, ನಾಕು ದಿನದ ಮಾತು.”

ಸಂಜೆ ನಮ್ಮವರು ತಿರುಗಾಡಲು ಹೋಗಿದ್ದಾಗ ಮಜಲೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಒಬ್ಬ ಮರಾಠಿ ಅಜ್ಜಿ ನನ್ನ ಕಾಲಿಗೂ ಬಿದ್ದಳು. ಐದು ತಿಂಗಳು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟ ತಲೆ ಇಲ್ಲಿ ದೇವರ ಕೆಲಸ ಮಾಡಿದ ತಲೆಯಾಗಿತ್ತು. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅಂದು ರಾತ್ರಿ ಎಷ್ಟೋ ದಿನಗಳ ನಂತರ ಒಳ್ಳೆಯ ನಿದ್ದೆ ಬಂದದ್ದು ಯಾಕೆಂದು ತಿಳಿಯಲಿಲ್ಲ.

ಮರುದಿನ ದೊಡ್ಡ ಆಸ್ಪತ್ರೆ. ಚರ್ಮದ ವಿಭಾಗದ ಸಾಲು ಹೊರಗಿನ ಮೆಟ್ಟಿಲವರೆಗೂ ಇತ್ತು. ಡಾಕ್ಟರು ವಯಸ್ಸಾದ ಪಾರಸಿ ಗೃಹಸ್ಥರು. ಕನ್ನಡಕ ಮೇಲೆತ್ತಿ ನನ್ನ ತಲೆಯನ್ನು ಬೆರಳಿನಿಂದ ಒತ್ತಿ ನೋಡಿ ಹಿಂದಿಯಲ್ಲಿ ಹೇಳಿದರು: ಅಂಟುರೋಗವಲ್ಲ, ಪ್ರಾಣಕ್ಕೇನೂ ಭಯವಿಲ್ಲ; ಕೂದಲು ಬರಬಹುದು, ಬರದೆಯೂ ಇರಬಹುದು. ಯಾಕೆ ಹೋಯಿತೆಂದು ನಮ್ಮವರು ಕೇಳಿದ್ದಕ್ಕೆ ಎರಡೂ ಕೈ ಅಗಲಿಸಿದರು. ಹಚ್ಚಿಕೊಳ್ಳಲು ಒಂದು ಕೆಂಪು ಔಷಧ ಬರೆದುಕೊಟ್ಟರು. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು. ಬರುವುದಿಲ್ಲ ಎಂದಿದ್ದರೆ ಅತ್ತು ಮುಗಿಸಬಹುದಿತ್ತು. ಬರುತ್ತದೆ ಎಂದಿದ್ದರೆ ಕಾಯಬಹುದಿತ್ತು. ನಡುವಿನಲ್ಲಿ ನಿಂತು ಏನು ಮಾಡಬೇಕೋ ಅದನ್ನು ಯಾರೂ ಬರೆದುಕೊಡಲಿಲ್ಲ.

ನಮ್ಮವರು ಗ್ಲಾಸು ಕೆಳಗಿಟ್ಟು ಹೇಳಿದರು, “ನಡಿ, ನಾ ಒಂದು ಕಡೆ ಕೇಳಿಟ್ಟೇನಿ.”

ಕರೆದುಕೊಂಡು ಹೋದದ್ದು ಧಾರಾವಿಗೆ. ಕೆಂಪು ಬಸ್ಸಿನಲ್ಲಿ ಸಾಯನ್‌ವರೆಗೆ ಹೋಗಿ ಅಲ್ಲಿಂದ ನಡಿಗೆ. ತೊಗಲಿನ ವಾಸನೆ, ಹಲಗೆ ಹಾಸಿದ ಗಟಾರ, ಪ್ರತಿ ಬಾಗಿಲಲ್ಲೂ ಒಂದೊಂದು ಯಂತ್ರ. ಹುಬ್ಬಳ್ಳಿಯ ನಾಟಕದ ಗೆಳೆಯರೊಬ್ಬರು ಕೊಟ್ಟ ಗುರುತು ಹಿಡಿದು ಹುಡುಕಿದಾಗ ಬಾಗಲಕೋಟೆ ಕಡೆಯ ದಸ್ತಗೀರ್ ಸಾಹೇಬರ ಅಂಗಡಿ ಸಿಕ್ಕಿತು. ಗೋಡೆಯ ತುಂಬ ಗಡ್ಡ, ಮೀಸೆ, ಜಟೆ. ವಿಗ್ ಮಾಡುವವರು ಅವರು.

“ಆವೋ ಬಾಯಾರ, ಕೂಡ್ರಿ. ಸೆರಗ ತಗೀರಿ, ನಾಚ್ಕೊಂಬ್ಯಾಡ್ರಿ. ನನ್ ಕೈಯಾಗ ಎಷ್ಟು ರಾಜಾರ ತಲಿ ಹಾದು ಹೋಗ್ಯಾವ, ಒಬ್ಬನ ತಲ್ಯಾಗೂ ನೆಟ್ಟಗ ಕೂದ್ಲಿಲ್ರಿ.”

ಐದು ತಿಂಗಳಲ್ಲಿ ಮೊದಲ ಸಲ ನನಗೆ ನಗು ಬಂತು. ಅವರು ಟೇಪು ಹಿಡಿದು ಅಳತೆ ತೆಗೆದುಕೊಂಡು ಒಂದು ಗೋಣಿಚೀಲದಿಂದ ಉದ್ದನೆಯ ಕೂದಲಿನ ಕಟ್ಟು ಎಳೆದರು. ಕಪ್ಪು, ನುಣುಪು, ಅಲ್ಲೊಂದು ಇಲ್ಲೊಂದು ಬಿಳಿ ಎಳೆ. ಕೈಯಲ್ಲಿ ಹಿಡಿದರೆ ನನ್ನದೇ ಎನ್ನಿಸುವಂತಿತ್ತು.

“ನೈಲಾನ್ ಅಲ್ರಿ, ಖರೇ ಕೂದ್ಲ.”

“ಯಾರದು?” ಎಂದೆ.

“ಯಾರ್ದೋ ಏನೋ. ತಿರುಪತಿ ಮಾಲ್ ಐತ್ರಿ ಇದು, ಹರಾಜಿನ್ಯಾಗ ಬರ್ತೈತಿ.”

ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಯಾರೋ ಹೆಣ್ಣುಮಗಳು ಏನನ್ನೋ ಬೇಡಿಕೊಂಡು ದೇವರಿಗೆ ಕೊಟ್ಟದ್ದು. ಅದನ್ನು ನಾನು ತಲೆಯ ಮೇಲಿಟ್ಟುಕೊಂಡರೆ ಪ್ರಸಾದವೋ, ದೇವರ ಒಡವೆ ಕದ್ದಂತೆಯೋ? ಅವಳು ಬೇಡಿಕೊಂಡದ್ದು ಅವಳಿಗೆ ಸಿಕ್ಕಿತೇ? ಚೆಂಬೂರಿನವರ ಲೆಕ್ಕದಲ್ಲಿ ಈ ಚೀಲದಲ್ಲಿ ನನ್ನದೂ ಇರಬೇಕಿತ್ತಲ್ಲ! ನಮ್ಮವರನ್ನು ಕೇಳಿದರೆ, “ದೇವರಿಗೆ ಕೂದಲ ತಗೊಂಡು ಏನ್ ಮಾಡೂದದ? ನೀ ಕುಬಸದಾಗ ನಾಕು ಮಂದಿ ಹಂಗ ಕೂಡಬೇಕು, ಅಷ್ಟ ನನಗ” ಎಂದರು. ಅವರ ಮುಖ ನೋಡಿ ಬೇಡ ಎನ್ನಲಾಗಲಿಲ್ಲ.

ಕುಬಸದ ಹಿಂದಿನ ದಿನ ಉಷಾ ಬೊರಿವಲಿಯಿಂದ ಬಂದಳು, ಏಳು ತಿಂಗಳ ಹೊಟ್ಟೆ ಹೊತ್ತು, ಮೂರು ಗಾಡಿ ಬದಲಿಸಿ. ಸುಮತಿ ಅವಳನ್ನು ಗ್ಯಾಲರಿಯಲ್ಲೇ ತಡೆದು ಎಲ್ಲ ಹೇಳಿಬಿಟ್ಟಿದ್ದಳು. ಒಳಗೆ ಬಂದವಳೇ ನನ್ನ ಕಾಲು ಹಿಡಿದಳು. ಬಗ್ಗಲಾಗದೆ ಕೂತೇಬಿಟ್ಟಳು. “ಮೌಶಿ, ನನಗೆ... ಮೇರೇ ಲಿಯೇ... ಇಷ್ಟು ಯಾರು ಮಾಡ್ತಾರ?” ಕಣ್ಣಲ್ಲಿ ನೀರು. ಶಾಂತಾ ಒಲೆಯ ಕಡೆ ಮುಖ ತಿರುಗಿಸಿದಳು. ಅಂದಿನವರೆಗೆ ಸುಳ್ಳು ನೆರೆಹೊರೆಯವರದಾಗಿತ್ತು. ಈಗ ಅದು ಈ ಹುಡುಗಿಯ ಎದೆಗೆ ಇಳಿದಿತ್ತು. ಹೇಳಿದರೆ ಅವಳ ಸಂತೋಷ ಒಡೆಯುತ್ತದೆ. ಹೇಳದಿದ್ದರೆ ನಾನು ಕೊಡದ ಕೂದಲಿಗೆ ಅವಳು ಜೀವಮಾನವೆಲ್ಲ ಕೈಮುಗಿಯುತ್ತಾಳೆ.

ಕುಬಸದ ದಿನ ಬೆಳಿಗ್ಗೆ ನಮ್ಮವರು ಧಾರಾವಿಯಿಂದ ಡಬ್ಬಿ ತಂದು ಹೆಮ್ಮೆಯಿಂದ ಶಾಂತಾಳ ಮುಂದೆ ತೆರೆದರು. ನಡುವಿನವರೆಗೆ ಇಳಿಬಿದ್ದ ವಿಗ್! ಶಾಂತಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಏನ್ರಿ ಭಾವ ಇದು? ಮುಡಿ ಕೊಟ್ಟ ತಲಿ ಅಂತ ಇಡೀ ಬಿಲ್ಡಿಂಗಿಗೆ ಗೊತ್ತದ. ಒಂದ್ ರಾತ್ರ್ಯಾಗ ಮಾರುದ್ದ ಕೂದ್ಲ ಬಂದ್ರ ಮಂದಿ ಏನಂತಾರ?”

“ಮುಡಿ ಕೊಟ್ಟಾಳಂತ ಯಾರು ಹೇಳಿದ್ರು?”

“ನಾ ಹೇಳೇನಿ.”

“ನನಗ ಹೇಳಬೇಕಿಲ್ಲೇನು ತಾಯಿ?”

ನನ್ನನ್ನು ಉಳಿಸಲು ಹೊರಟ ಇಬ್ಬರೂ ಜಗಳಕ್ಕೆ ನಿಂತರು. ಡಬ್ಬಿ ನೆಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ನಾನು ಮೊಗ್ಗಿನ ಬುಟ್ಟಿ ತೆಗೆದುಕೊಂಡು ಒಳಖೋಲಿಗೆ ಹೋದೆ. ಉಷಾಳಿಗೆ ಮೊಗ್ಗಿನ ಜಡೆ ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು.

ಬಸಿರಿನಲ್ಲಿ ಕೂದಲು ಸೊಂಪಾಗುತ್ತದೆ. ಅವಳ ಕೂದಲಿನ ಭಾರ ನನ್ನ ಎರಡೂ ಅಂಗೈ ತುಂಬಿತು. ಎಣ್ಣೆಯ ಘಮ, ಬೆರಳ ಸಂದಿಯಿಂದ ಜಾರುವ ಎಳೆಗಳು. ನನಗೆ ಸಂತೋಷವಾಯಿತೋ, ಹೊಟ್ಟೆಕಿಚ್ಚಾಯಿತೋ ಇಂದಿಗೂ ಹೇಳಲಾರೆ. ಅರ್ಧ ಹೆಣೆದಾಗ ಕೈ ನಿಂತಿತು.

“ಉಷಾ, ನಾ ತಿರುಪತಿಗೆ ಹೋಗಿಲ್ಲ. ನಿನ್ನ ಸಲುವಾಗಿ ದಿನಾ ದೇವರಿಗೆ ಕೈಮುಗದದ್ದು ಖರೆ. ಕೂದಲ ಮಾತ್ರ ನಾ ಕೊಟ್ಟಿದ್ದಲ್ಲ. ತಾನಾಗೇ ಉದುರಿ ಹೋಗೇದ.”

ಅವಳು ತಿರುಗಲಿಲ್ಲ. ಹೊರಗೆ ಶಾಂತಾಳ ದನಿ ಇನ್ನೂ ಏರುತ್ತಿತ್ತು.

“ವಾಪಸ್ ಬರ್ತದ?”

“ಡಾಕ್ಟರಿಗೂ ಗೊತ್ತಿಲ್ಲ.”

“ದುಃಖ ಆಗ್ತದ ಮೌಶಿ?”

ಐದು ತಿಂಗಳಲ್ಲಿ ಎಣ್ಣೆ ಹೇಳಿದವರಿದ್ದರು, ದೇವರು ಹೇಳಿದವರಿದ್ದರು, ಇದನ್ನು ಯಾರೂ ಕೇಳಿರಲಿಲ್ಲ. “ನೆಟ್ಟಗ ಕೂಡು, ಮೊಗ್ಗು ಜಾರ್ತಾವ” ಎಂದೆ. ಅವಳು ಕೈ ಹಿಂದೆ ಚಾಚಿ ನನ್ನ ಮೊಣಕಾಲು ಹಿಡಿದು, ಜಡೆ ಮುಗಿಯುವವರೆಗೆ ಹಾಗೇ ಕೂತಳು.

ಕುಬಸಕ್ಕೆ ಖೋಲಿ ತುಂಬ ಹೆಂಗಸರು. ಹಸಿರು ಬಳೆ, ಐದು ಬಗೆಯ ಅನ್ನ, ಹೋಳಿಗೆ. ಮೊದಲ ಆರತಿ ನಾನೇ ಎತ್ತಬೇಕೆಂದು ಸುಮತಿಯ ಹಟ. “ಹರಕೆ ಹೊತ್ತವರು ಅವರೇ ಅಲ್ವಾ? ಮುಂದಿನ ವರ್ಷ ನಾನೂ ಮುಡಿಯ ಹರಕೆ ಹೇಳಿಕೊಳ್ಳುವವಳೇ.” ಆ ಮಾತಿಗೆ ಸುಮ್ಮನಿರಲಾಗಲಿಲ್ಲ. ಆರತಿಯ ತಟ್ಟೆ ಕೆಳಗಿಟ್ಟು, ಹರಕೆಯೇನೂ ಇಲ್ಲ, ಕೂದಲು ತಾನಾಗಿ ಹೋಗಿದೆ, ಅಂಟುವುದಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದುಬಿಟ್ಟೆ.

“ಹಾಗಾದ್ರೆ ಅಕ್ಕ, ನಾನು ಅಷ್ಟು ಭಕ್ತಿಯಲ್ಲಿ ಕೈಮುಗಿದದ್ದು ಎಂಥದಕ್ಕೆ?” ಎಂದಳು ಸುಮತಿ.

“ಅದು ನನಗೂ ಗೊತ್ತಿಲ್ಲವಾ. ವಾಪಸ್ ಕೊಡ್ಲಿಕ್ಕಂತೂ ಬರೂದಿಲ್ಲ.”

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಒಬ್ಬಾಕೆ ಮಾತ್ರ ಮಗುವನ್ನು ಎತ್ತಿಕೊಂಡು, ಹಾಲು ಕಾಯಿಸಬೇಕೆಂದು ಹೇಳಿ ಎದ್ದು ಹೋದಳು. ಅವಳು ತಿರುಗಿ ಬರಲಿಲ್ಲ. ಉಷಾ, “ಮೌಶಿ, ಆರತಿ ಆರ್ತದ” ಎಂದು ಕರೆದಳು. ಎತ್ತಿದೆ. ಮುತ್ತೈದೆಯರಿಗೆ ಹೂ ಹಂಚುವಾಗ ನನ್ನ ಮುಂದೆ ಬಂದು ಸುಮತಿ ಮಾಲೆ ಹಿಡಿದು ತಬ್ಬಿಬ್ಬಾದಳು; ಎಲ್ಲಿ ಮುಡಿಸುವುದು? ಕೊನೆಗೆ ತನ್ನ ಬಳೆಯಿಂದ ಪಿನ್ನು ಬಿಚ್ಚಿ ಕಿವಿಯ ಮೇಲೆ ಸೆರಗಿಗೇ ಸಿಕ್ಕಿಸಿದಳು. ಊಟ ಮುಗಿಯುವವರೆಗೆ ಅದು ಮೂರು ಸಲ ಜಾರಿ ಎಲೆಗೆ ಬಿತ್ತು. ಮೂರೂ ಸಲ ಯಾರಾದರೂ ಎತ್ತಿ ಸಿಕ್ಕಿಸಿದರು.

ಎರಡು ದಿನ ಬಿಟ್ಟು ಹೊರಟೆವು. ವಿಗ್ಗಿನ ಡಬ್ಬಿ ಟ್ರಂಕಿನ ತಳದಲ್ಲಿತ್ತು. ಊರಲ್ಲಿ ಹಾಕಿಕೊಳ್ಳುತ್ತೀಯಾ ಎಂದು ನಮ್ಮವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಲು ನನಗೇ ತಿಳಿದಿದ್ದರೆ ತಾನೇ?

ಕರ್ಜತ್ತಿನಲ್ಲಿ ಹಿಂದೆ ಇನ್ನೊಂದು ಎಂಜಿನ್ನು ಜೋಡಿಸಿದರು. ವಡೆ ತಿಂದೆವು. ಘಾಟು ಹತ್ತುವಾಗ ಸುರಂಗದ ಕತ್ತಲಲ್ಲಿ ಸೆಖೆಯೆನಿಸಿ ಸೆರಗು ಹಿಂದಕ್ಕೆ ತಳ್ಳಿದೆ. ಸುರಂಗ ಮುಗಿದು ಬೆಳಕು ಬಂದಾಗಲೂ ಹೊದೆಯಲಿಲ್ಲ. ಕಣಿವೆಯ ಗಾಳಿ ಬರೀ ನೆತ್ತಿಗೆ ನೇರವಾಗಿ ತಾಗುತ್ತಿತ್ತು. ಹುಟ್ಟಿದಾಗಿನಿಂದ ನನ್ನ ನೆತ್ತಿಗೆ ಗೊತ್ತಿರದ ತಂಪು. ನಮ್ಮವರು ಮೊದಲು ಗಾಡಿಯಲ್ಲಿ ಕೂತ ಜನರನ್ನು ನೋಡಿದರು, ಆಮೇಲೆ ನನ್ನನ್ನು.

“ಥಂಡಿ ಆದೀತು, ನೋಡು,” ಎಂದರು.

ಥಂಡಿಗಾಗಿ ಹೇಳಿದರೋ, ಜನರಿಗಾಗಿ ಹೇಳಿದರೋ ತಿಳಿಯಲಿಲ್ಲ. “ಇನ್ನೊಂದ್ ಸ್ವಲ್ಪ ಹೊತ್ತು” ಎಂದು ಹಿಂದೆ ತಿರುಗಿ ನೋಡಿದೆ. ಮುಂಬಯಿ ಇರಬೇಕಾದ ಕಡೆ ಬರೀ ಮಂಜು ತುಂಬಿತ್ತು.