‘ಬರ್ತೀನಿ’ ಅನ್ನುವ ಬಟನ್ ಇಲ್ಲದ ಆಟ

ಮೊನ್ನೆ ಕಲಬುರಗಿಯ ಸ್ಟೇಶನ್ ಬಜಾರದ ತಳ್ಳುಗಾಡಿಯೊಂದರ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ಕಂಡವು. ಬೇಡ ಬೇಡ ಅಂದುಕೊಳ್ಳುತ್ತಲೇ ಕೊಂಡೆ. ಮನೆಗೆ ಬಂದು ಚೀಲ ಬಿಚ್ಚಿದ್ದೇ ತಡ, ಆ ಮಾಗಿದ ವಾಸನೆ ಕೋಣೆ ತುಂಬಿತು. ನನ್ನ ಕೈ ತಾನಾಗಿಯೇ ಮೌಸ್ ಎತ್ತಿಕೊಂಡು ದುಪಟ್ಟಾದ ತುದಿಯಿಂದ ಒರೆಸತೊಡಗಿತು. ಅದು ಅಂಟಂಟಾಗಿರಲಿಲ್ಲ. ಅಂಟು ಮಾಡುವವರು ಈಗಿಲ್ಲವಲ್ಲ...

ಅವರು ನನ್ನ ಪಕ್ಕದ ಮನೆಯವರು; ಅತ್ತಿಗೆ ಅನ್ನುವ ಹಾಗೆ ನಾನು ವೈನಿ ಅನ್ನುತ್ತಿದ್ದೆ. ನಾನು ಕಪನೂರಿನ ಒಂದು ಕಾರ್ಖಾನೆಯ ಆಫೀಸಿಗೆ ಕೆಲಸಕ್ಕೆ ಸೇರಿ, ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಒಬ್ಬಳೇ ಬಾಡಿಗೆಗೆ ಬಂದ ಹೊಸತು. ಬಡಾವಣೆ ಅನ್ನುವುದು ಹೆಸರಿಗಷ್ಟೇ. ಎಲ್ಲಿ ನೋಡಿದರೂ ಖಾಲಿ ಪ್ಲಾಟು, ಜಾಲಿ ಗಿಡ, ನಡುವೆ ಅಲ್ಲೊಂದು ಇಲ್ಲೊಂದು ಮನೆ. ವೈನಿಯ ಗಂಡ ಪುಣೆಯಲ್ಲಿ ಕೆಲಸದಲ್ಲಿದ್ದರು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದರಂತೆ. ನಾನಂತೂ ಅವರ ಮುಖ ನೋಡಲೇ ಇಲ್ಲ. ಆದರೂ ಸಂಜೆಯಾದರೆ ವೈನಿ ಅಂಗಳಕ್ಕೆ ನೀರು ಹೊಡೆದು ಗೇಟಿನ ದೀಪ ಹಚ್ಚುವುದು ತಪ್ಪುತ್ತಿರಲಿಲ್ಲ. ಕೇಳಿದರೆ, “ಬರ್ತೀನಿ ಅಂತ ಹೇಳಿ ಹೋಗ್ಯಾರ” ಅನ್ನುತ್ತಿದ್ದರು.

ನನಗೋ ಕಂಪ್ಯೂಟರ್ ಆಟಗಳ ಹುಚ್ಚು. ಅದಕ್ಕಿಂತ ದೊಡ್ಡ ಹುಚ್ಚು ಇಂಟರ್ನೆಟ್ಟಿನಲ್ಲಿ ಆಟಗಾರರ ಅಭಿಪ್ರಾಯ ಓದುವುದು. ಯಾರು ಏನು ಬೈದಿದ್ದಾರೆ ಅಂತ ನೋಡದೆ ಯಾವ ಆಟವನ್ನೂ ಮುಟ್ಟುತ್ತಿರಲಿಲ್ಲ. ಆ ಸಲ ಸಿಕ್ಕಿದ ಆಟದ್ದು ಎಷ್ಟೋ ವರ್ಷಗಳ ನಂತರ ನಡೆಯುವ ಕಥೆ. ಗಾಜಿನ ಗುಮ್ಮಟದೊಳಗೆ ಒಂದು ಊರು. ಜನರೆಲ್ಲ ಬೇರೆ ಗ್ರಹಕ್ಕೆ ಹೋಗಿಬಿಟ್ಟಿದ್ದಾರೆ. ಉಳಿದದ್ದು ಊರಬಾಗಿಲು ಕಾಯುವ ತುಕ್ಕು ಹಿಡಿದ ಒಂದು ಯಂತ್ರಮಾನವ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಲೋಟ, ದೀಪ, ಕುರ್ಚಿ ಏನು ಕಂಡರೂ ಅದರ ಮೇಲೆ ಒತ್ತಬೇಕು, ಸುಳಿವು ಹುಡುಕಬೇಕು. ಒತ್ತಿದ್ದಕ್ಕೆಲ್ಲ ಆ ಯಂತ್ರ ಅದು ಯಾರದಿತ್ತು ಅಂತ ಉದ್ದನೆಯ ಕಥೆ ಹೇಳುತ್ತದೆ. ನನಗೆ ಎರಡೇ ದಿನಕ್ಕೆ ಬೇಜಾರು ಬಂತು.

ಬಿಡದೆ ಆಡಿದವರು ವೈನಿ. ಕಮಲಾಪುರದ ತವರಿನಿಂದ ಬಂದ ಬಾಳೆಹಣ್ಣು ಕೊಡಲು ಬಂದವರು ಪರದೆ ನೋಡಿ ಅಲ್ಲೇ ಕೂತರು. ಆಮೇಲೆ ದಿನಾ ಸಂಜೆ ಬರತೊಡಗಿದರು. ಹಣ್ಣು ತಿಂದ ಕೈಯಲ್ಲೇ ಮೌಸ್ ಹಿಡಿಯುವರು. ನಾನು ಗೊಣಗುತ್ತ ಒರೆಸುವೆ. ಆಟ ಇಂಗ್ಲಿಷಿನಲ್ಲಿತ್ತು, ನಾನು ಕನ್ನಡದಲ್ಲಿ ಹೇಳಬೇಕಿತ್ತು. ಬೇಸತ್ತು ಎಲ್ಲಾದರೂ ಎರಡು ಸಾಲು ನುಂಗಿದರೆ ಸಿಕ್ಕಿಬೀಳುತ್ತಿದ್ದೆ. “ಏ, ಅಂವ ಇಷ್ಟೊತ್ತು ಮಾತಾಡ್ಯಾನ. ನೀ ಒಂದ ಮಾತಿನಾಗ ಮುಗಿಸ್ತಿ?”

ಆಟಗಾರರ ಅಭಿಪ್ರಾಯಗಳನ್ನೂ ಅವರಿಗೆ ಓದಿ ಹೇಳುತ್ತಿದ್ದೆ. ಚಿತ್ರ ಚೆಂದ, ಕಥೆ ಜಾಳು ಅಂತ ಒಬ್ಬ. ಆಟ ಆಮೆಯಂತೆ ತೆವಳುತ್ತದೆ ಅಂತ ಇನ್ನೊಬ್ಬ. ಈ ಮುದಿ ಯಂತ್ರದ ಬಾಯಿ ಮುಚ್ಚಿಸುವ ಬಟನ್ ಎಲ್ಲಿದೆ ಅಂತ ಮತ್ತೊಬ್ಬ. ವೈನಿ ಅವರೆಲ್ಲ ನಮ್ಮ ಕಟ್ಟೆಯ ಮೇಲೇ ಕೂತಿದ್ದಾರೆ ಅನ್ನುವಂತೆ ಜಗಳಕ್ಕೆ ನಿಲ್ಲುತ್ತಿದ್ದರು.

“ಅವನಿಗೇನ್ ಗೊತ್ತದ? ಮನ್ಯಾಗ ಮಾತಾಡಾವ್ರು ಇದ್ದಾರ, ಅದಕ್ಕ ಹಂಗ ಬರದಾನ. ಪಾಪ, ಈ ಮುದುಕಗ ಎಷ್ಟು ದಿನದ ಮ್ಯಾಲ ಒಬ್ರು ಸಿಕ್ಕಾರ... ಸುಮ್ನ ಇರ್ತಾನೇನು?”

ನಾನು ನಕ್ಕುಬಿಟ್ಟೆ. ಆಮೇಲೆ ನಗು ಬರಲಿಲ್ಲ.

ಕೊನೆಗೆ ಊರಬಾಗಿಲು ತೆರೆಯಿತು. ಪರದೆಯ ಮೇಲೆ ಎರಡು ಬಟನ್ ಬಂದವು. ಒಂದು ‘ಇರು’, ಇನ್ನೊಂದು ‘ಹೋಗು’. ಇರು ಅಂತ ಒತ್ತಿದರೆ ಪರದೆ ಕಪ್ಪಾಗಿ ಆಟ ಮುಗಿಯುತ್ತದೆ. ಹೋಗು ಅಂದರೆ ಮುದುಕನನ್ನು ಒಳಗೇ ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಇದು ಶುದ್ಧ ಮೋಸ ಅಂತ ಆಟಗಾರರು ಬೈದದ್ದೇ ಬೈದದ್ದು. ವೈನಿ ಪರದೆಯ ಹತ್ತಿರ ಬಾಗಿ ನೋಡಿದರು.

“ಇದರಾಗ ‘ಬರ್ತೀನಿ’ ಅನ್ನೂದು ಇಲ್ಲೇನ?”

“ಇಲ್ರೀ ವೈನಿ. ಇರು, ಇಲ್ಲಾ ಹೋಗು. ಎರಡೇ.”

“ಇದೆಂಥಾ ಮಂದಿ ಮಾಡ್ಯಾರವ್ವ ಇದನ್ನ! ಮನಿ ಬಿಡೋ ಮುಂದ ಯಾರರ ಹೋಗ್ತೀನಿ ಅಂತಾರೇನು?”

ಎರಡನ್ನೂ ಒತ್ತಲಿಲ್ಲ. ಪರದೆಗೆ “ಬರ್ತೀನಪ್ಪಾ” ಅಂದು ಲ್ಯಾಪ್‌ಟಾಪ್ ಮುಚ್ಚಿದರು. ನಾನು ಚೇಷ್ಟೆಗೆ ಮುದುಕನ ಗೊಗ್ಗರು ದನಿಯಲ್ಲಿ “ಹೂಂ, ಬಾ ಯವ್ವಾ” ಅಂದೆ. ಎಷ್ಟು ನಕ್ಕರೋ! ಅಲ್ಲಿಂದ ಮುಂದೆ ದಿನಾ ಅದೇ ಆಯಿತು. ಬಾಗಿಲ ತನಕ ಹೋಗುವುದು, ಬರ್ತೀನಪ್ಪಾ ಅನ್ನುವುದು, ನಾನು ಹೂಂ ಅನ್ನುವುದು. ಆಟ ಮುಗಿಸಲು ಅವರಿಗೆ ಮನಸ್ಸೇ ಇರಲಿಲ್ಲ.

ಒಂದು ದಿನ ಪುಣೆಯ ಸುದ್ದಿ ಬಂತು. ಗಂಡನಿಗೆ ಅಲ್ಲಿ ಬೇರೆ ಸಂಸಾರವಿತ್ತು. ವೈನಿ ನನ್ನೆದುರು ಅಳಲಿಲ್ಲ. ಆ ಸಂಜೆ ಗೇಟಿನ ದೀಪ ಮಾತ್ರ ಹತ್ತಲಿಲ್ಲ. ವಾರದೊಳಗೆ ಕಮಲಾಪುರದಿಂದ ವೈನಿಯ ತಮ್ಮ ಟೆಂಪೋ ತಂದ. ಸಾಮಾನು ಏರಿಸಿದ ಮೇಲೆ ವೈನಿ ನನ್ನ ಗಲ್ಲ ಸವರಿ, “ಹೋಗ್ತೀನವ್ವ” ಅಂದರು.

ನಾನು ಅವರ ಕೈ ಹಿಡಿದುಕೊಂಡೆ. “ಹಂಗ್ಯಾಕ ಅಂತೀರಿ? ಬರ್ತೀನಿ ಅನ್ರಿ ವೈನಿ!”

“ಅದನ್ನ ಹೇಳಿ ಹೋದವ್ರನ್ನ ನೋಡೀನಲ್ಲ... ನಾ ಯಾಕ ಸುಳ್ಳ ಹೇಳ್ಲಿ?”

ಕೆಲ ತಿಂಗಳು ಫೋನಿನಲ್ಲಿ ಮಾತಾಡಿದೆವು. ಮುದುಕ ಹೇಗಿದ್ದಾನೆ ಅಂತ ಕೇಳುವರು; ಬಾಗಿಲಲ್ಲೇ ನಿಂತಿದ್ದಾನೆ ಅನ್ನುತ್ತಿದ್ದೆ. ಆಮೇಲೆ ಎಷ್ಟು ಸಲ ಮಾಡಿದರೂ ಫೋನು ಹತ್ತದಾಯಿತು. ಒಂದು ಭಾನುವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಮನೆ ಮುಂದೆ ತಮ್ಮನೇ ನಿಂತಿದ್ದ.

“ಅಕ್ಕ ಹೋದಳ್ರೀ” ಅಂದ.

ಪುಣೆಯಿಂದ ಗಂಡ ಬಂದು ಕರೆದುಕೊಂಡು ಹೋದರೇನೋ ಅಂತ ನಾನು ಹಿಗ್ಗಿಬಿಟ್ಟೆ. “ಹೌದೇನ್ರೀ! ಎಲ್ಲಿಗಿ ಹೋಗ್ಯಾರ? ಯಾವಾಗ ಬರ್ತಾರ?”

ಆತ ನನಗೆ ಕಟ್ಟೆಯ ಮೇಲೆ ಕೂರಲು ಹೇಳಿದ. ಒಳಗಿನಿಂದ ಅವನ ಹೆಂಡತಿ ನೀರು ತಂದು ಕೊಟ್ಟು, “ಜ್ವರ ಬಂದಿತ್ರೀ... ಏಳಲೇ ಇಲ್ಲ” ಅಂದಳು. ಆಗ ತಿಳಿಯಿತು. ಇಂಥ ಪ್ರಶ್ನೆ ಕೇಳಿದ ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನ್ನಿಸಿತು. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಅವಚಿಕೊಂಡು ಕಲಬುರಗಿ ಬರುವ ತನಕ ಅತ್ತೆ.

ಈಗ ಪಕ್ಕದ ಆ ಮನೆಯಲ್ಲಿ ಬೇರೆಯವರಿದ್ದಾರೆ. ಅವರ ಹೆಸರೂ ನನಗೆ ಗೊತ್ತಿಲ್ಲ. ಮೊನ್ನೆ ಹಣ್ಣಿನ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು, ಎಷ್ಟೋ ದಿನದ ಮೇಲೆ ಆ ಆಟ ತೆರೆದೆ. ಹೊಸ ಅಭಿಪ್ರಾಯಗಳು ಬಂದಿದ್ದವು. ಈ ಆಟಕ್ಕೆ ಮೂರನೆಯ ಕೊನೆ ಏನಾದರೂ ಇದೆಯೇ ಅಂತ ಯಾರೋ ಕೇಳಿದ್ದರು. ಇಲ್ಲ ಅಂತ ಎಲ್ಲರೂ ಉತ್ತರ ಕೊಟ್ಟಿದ್ದರು. ಇದೆ ಅಂತ ಬರೆಯಹೊರಟೆ... ಅವರಿಗೆ ಹೇಗೆ ತಿಳಿಸಿ ಹೇಳುವುದು? ಅಳಿಸಿಬಿಟ್ಟೆ.

ಮುದುಕ ಬಾಗಿಲಲ್ಲೇ ನಿಂತಿದ್ದ. ಎರಡು ಬಟನ್ ಹಾಗೇ ಇದ್ದವು. “ಬರ್ತೀನಪ್ಪಾ” ಅಂದೆ, ಗಟ್ಟಿಯಾಗಿಯೇ. ಲ್ಯಾಪ್‌ಟಾಪ್ ಅರ್ಧ ಮುಚ್ಚಿ ಸ್ವಲ್ಪ ಹೊತ್ತು ಕಾದೆ. ಹೂಂ ಅನ್ನಲು ಮನೆಯಲ್ಲಿ ಯಾರೂ ಇರಲಿಲ್ಲ.