ನನ್ನ ಪಿತ್ತಕೋಶ ಯಾವ ಊರಿನದು

ಮೊದಲು ಬಂದದ್ದು ನೋವಲ್ಲ, ಭಾರ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ನಾದಿದ ಹಿಟ್ಟಿನ ಮುದ್ದೆ ಇಟ್ಟು ಹೋದ ಹಾಗೆ. ಊಟವಾದ ಮೇಲೆ ಬರುತ್ತಿತ್ತು. ಸಂಜೆಗೆ ಹೋಗುತ್ತಿತ್ತು. ದುರ್ಗಾಪೂಜೆ ಆಗಷ್ಟೇ ಮುಗಿದಿತ್ತು, ಪೆಂಡಾಲಿನಲ್ಲಿ ಭೋಗದ, ಅಂದರೆ ನೈವೇದ್ಯದ, ಖಿಚಡಿ ಉಂಡು ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡೇ ಓಡಾಡುತ್ತಿದ್ದರು. ಎದುರು ಫ್ಲ್ಯಾಟಿನ ಬೌದಿ, ಅಂದರೆ ನಮ್ಮಲ್ಲಿ ವೈನಿ ಎನ್ನುತ್ತೇವಲ್ಲ ಹಾಗೆ, ನನ್ನ ಮುಖ ನೋಡಿದ್ದೇ "ಅಂಬಲ್" ಎಂದು ತೀರ್ಪು ಕೊಟ್ಟರು. ಅಂಬಲ್ ಎಂದರೆ ಆಸಿಡಿಟಿ. ಕೋಲ್ಕತ್ತಾದಲ್ಲಿ ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಮನೆಯವರಲ್ಲಿ ಒಬ್ಬರು ಎಂದು ಇಟ್ಟುಕೊಂಡಿರುತ್ತಾರೆ. ಬೌದಿ ತಮ್ಮ ಪರ್ಸಿನಿಂದಲೇ ಮಾತ್ರೆ ತೆಗೆದುಕೊಟ್ಟರು. ನಾನೂ ನುಂಗಿದೆ.

ನನಗೆ ಒಳಗೊಳಗೇ ನಗು. ಈ ಊರಿನ ಅಂಬಲ್ ನನಗೆ ಹೇಗೆ ಬಂದೀತು?

ಯಾಕೆಂದರೆ ಕೋಲ್ಕತ್ತಾದ ಕಸ್ಬಾ ಬಡಾವಣೆಯ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಧಾರವಾಡ. ನಮ್ಮ ಮನೆಯವರು ರೈಲ್ವೆಯವರು. ಪ್ರತಿ ಬೇಸಿಗೆ ಪಾಸಿನ ಮೇಲೆ ಊರಿಗೆ ಹೋಗಿ ಬರುವಾಗ ಬರ್ತಿನ ಕೆಳಗೆ ಕಾಲಿಡಲು ಜಾಗವಿರುವುದಿಲ್ಲ: ಜೋಳದ ಹಿಟ್ಟು, ಶೇಂಗಾ ಎಣ್ಣೆಯ ಡಬ್ಬಿ, ಚಟ್ನಿಪುಡಿ. ಇಲ್ಲಿಯವರ ಸಾಸಿವೆ ಎಣ್ಣೆಯನ್ನು ಅಡುಗೆಮನೆಗೆ ಬಿಟ್ಟುಕೊಂಡವಳಲ್ಲ ನಾನು. ಮದುವೆಯಾಗಿ ಬಂದಾಗಿನಿಂದ ಇಲ್ಲಿದ್ದೇನೆ, ಮಗಳು ರಶ್ಮಿಯನ್ನು ಇಲ್ಲೇ ಹಡೆದೆ, ಆದರೂ ಯಾರಾದರೂ ಮನೆ ಎಲ್ಲಿ ಎಂದರೆ ಧಾರವಾಡ ಎಂದೇ ಬಾಯಿಗೆ ಬರುತ್ತದೆ.

ಮಾತ್ರೆ ಮುಗಿದರೂ ಭಾರ ಹೋಗಲಿಲ್ಲ. ಅಲ್ಟ್ರಾಸೌಂಡ್ ಮಾಡಿಸಿದೆವು. ಗಾಲ್‌ಬ್ಲಾಡರಿನಲ್ಲಿ ಕಲ್ಲು. ಒಂದು ಕಡೆ ಪಿತ್ತಕೋಶದ ಗೋಡೆ ಸ್ವಲ್ಪ ದಪ್ಪ.

ನಮ್ಮ ಮನೆತನದಲ್ಲಿ ಸೀನು ಬಂದರೂ ಮಾಮಾಗೆ ಫೋನು. ಮಾಮಾ ಎಂದರೆ ನನ್ನ ಸೋದರಮಾವ, ಹುಬ್ಬಳ್ಳಿಯಲ್ಲಿ ಹಳೆಯ ಡಾಕ್ಟರು. ಇಲ್ಲಿಯ ಡಾಕ್ಟರು ಏನು ಬರೆದುಕೊಟ್ಟರೂ ಮಾಮಾ ಹೂಂ ಅನ್ನುವ ತನಕ ಆ ಚೀಟಿಯನ್ನು ಮೆಡಿಕಲ್ ಶಾಪಿಗೆ ಒಯ್ದವರಲ್ಲ ನಾವು.

"ಕಲ್ಲು ಅಷ್ಟ ಹೌದಲ್ಲವಾ?" ಮಾಮಾ ಅಂದರು. "ಅಂಜಬ್ಯಾಡ ಸುಧಾ. ಅರ್ಧ ಹುಬ್ಬಳ್ಳಿಗೆ ಕಲ್ಲದಾವ. ಎಣ್ಣಿ ಬಿಡು, ಬ್ಯಾಸಗಿಗೆ ಹೆಂಗೂ ಬರ್ತೀರಿ, ಇಲ್ಲೇ ತೆಗಸೋಣಂತ. ಹೊಟ್ಟಿಗೆ ಮೂರು ತೂತು, ಮರುದಿನ ಮನಿ."

ನನಗೆ ಎಷ್ಟು ಹಗುರಾಯಿತೆಂದರೆ ಆ ದಿನ ಹೊಟ್ಟೆಯ ಭಾರವೂ ಗೊತ್ತಾಗಲಿಲ್ಲ.

ಆದರೂ ಇಲ್ಲಿಯ ಸರ್ಜನ್ ಒಬ್ಬರನ್ನು ಕಂಡು ಬರೋಣ ಎಂದು ನಮ್ಮ ಮನೆಯವರು ಹಟ ಹಿಡಿದರು. ಆಕೆ ಬಂಗಾಳಿ ಹೆಂಗಸು, ನನ್ನ ವಯಸ್ಸಿನವರು. ಮಾತು ಕಡಿಮೆ. ಬೇಸಿಗೆಗೆ ಊರಲ್ಲೇ ತೆಗೆಸುತ್ತೇವೆ ಎಂದೆವು. ರಿಪೋರ್ಟಿನ ಆ "ಸ್ವಲ್ಪ ದಪ್ಪ" ಎಂಬಲ್ಲಿ ಪೆನ್ನು ಇಟ್ಟವರು ತೆಗೆಯಲೇ ಇಲ್ಲ.

"ಇದನ್ನು ಬೇಸಿಗೆಯವರೆಗೆ ಬಿಡುವ ಹಾಗಿಲ್ಲ. ಈ ಕಡೆಯ ಹೆಂಗಸರಲ್ಲಿ ಇಂಥ ಗೋಡೆ ಕಂಡರೆ ನಾವು ಕಾಯುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಿಸಿ. ಸಂಶಯ ಬಂದರೆ ತೂತು ಹಾಕಿ ಮಾಡುವುದಲ್ಲ, ಹೊಟ್ಟೆ ತೆರೆದೇ ಮಾಡುವುದು," ಎಂದರು ಹಿಂದಿಯಲ್ಲಿ.

ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು, "ನಾವು ಇಲ್ಲಿಯವರಲ್ಲ ಡಾಕ್ಟರ್. ಕರ್ನಾಟಕದವರು," ಎಂದರು. ಅಪರಾಧಿ ತಾನಲ್ಲ ಎಂದು ಸಾಕ್ಷಿ ಹೇಳುವ ಹಾಗೆ.

"ಎಷ್ಟು ವರ್ಷದಿಂದ ಇಲ್ಲಿದ್ದೀರಿ?"

"ಮದುವೆಯಾದಾಗಿನಿಂದ."

ಆಕೆ ನನ್ನನ್ನೇ ನೋಡಿದರು. ಗಂಗೆಯ ಬಯಲಿನುದ್ದಕ್ಕೂ ಪಿತ್ತಕೋಶದ ಕ್ಯಾನ್ಸರ್ ಹೆಚ್ಚು, ಅದರಲ್ಲೂ ಹೆಂಗಸರಲ್ಲಿ, ದಕ್ಷಿಣದಲ್ಲಿ ಬಹಳ ಕಡಿಮೆ ಎಂದು ಹೇಳಿದರು. ನೀರೋ, ಮಣ್ಣೋ, ಆಹಾರವೋ, ರಕ್ತವೋ, ಖಚಿತವಾಗಿ ಹೇಳುವವರು ಯಾರೂ ಇಲ್ಲ. ಬೇರೆ ಕಡೆಯಿಂದ ಬಂದು ನೆಲೆಸಿದವರಿಗೆ ಎಷ್ಟು ಅನ್ವಯಿಸುತ್ತದೆ ಎಂಬುದೂ ತನಗೆ ಗೊತ್ತಿಲ್ಲ ಎಂದರು.

ಕ್ಯಾನ್ಸರ್. ಆ ಕೋಣೆಯಲ್ಲಿ ಆ ಶಬ್ದ ಮೊದಲ ಸಲ ಬಿದ್ದದ್ದು ಹಾಗೆ, ಭೂಗೋಳದ ಪಾಠದ ನಡುವೆ.

ನನಗೆ ಸಿಟ್ಟು ಬಂತು. ಹೆದರಿಕೆ ಬಂದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. ಶೇಂಗಾ ಎಣ್ಣೆ ತಿಂದು ಬೆಳೆದ ಹೊಟ್ಟೆಗೆ ಗಂಗೆಯ ಬಯಲಿನ ರೋಗ ಅಂಟಿಸುತ್ತಾಳಲ್ಲ ಈಕೆ! ಅಲ್ಲೇ ಮಾಮಾಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಇವರ ಬಾಯಿ ಮಾಮಾ ಮುಚ್ಚಿಸಲಿ ಎಂದು.

ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಆಕೆ ಅಂದದ್ದರ ಅರ್ಥ ಇಷ್ಟು: ಸರ್, ನಿಮ್ಮ ಊರಿನ ಪೇಷಂಟಿಗೆ ನಾನೂ ನೀವು ಹೇಳಿದ್ದನ್ನೇ ಹೇಳುತ್ತಿದ್ದೆ. ಆದರೆ ನನ್ನ ವಾರ್ಡಿನಲ್ಲಿ ಇಂಥದ್ದು ಅಪರೂಪವಲ್ಲ. ಹೆಚ್ಚಿನವರು ತಡವಾಗಿಯೇ ಬರುತ್ತಾರೆ.

ಮಾಮಾ ರಿಪೋರ್ಟಿನ ಅಳತೆಗಳನ್ನು ಆಕೆಯಿಂದ ಎರಡು ಸಲ ಓದಿಸಿಕೊಂಡರು. 

ಆಮೇಲೆ ಕನ್ನಡದಲ್ಲಿ ಅಂದರು: "ಸುಧಾ, ಇಂಥಾ ಕೇಸು ನಾ ಜನ್ಮದಾಗ ಕೈ ಬೆರಳಿನ್ಯಾಗ ಎಣಿಸೋವಷ್ಟ ನೋಡೀನವಾ. ಅಕಿ ದಿನಾ ನೋಡ್ತಾಳ. ಅಕಿ ಹೇಳಿದಂಗ ಮಾಡು. ಬ್ಯಾಸಗಿ ಅಂತ ಕೂಡಬ್ಯಾಡ."

ಸರ್ಜನ್ ಕೈಯಿಂದ ಸಿಟಿ ಸ್ಕ್ಯಾನಿನ ಚೀಟಿ ಇಸಿದುಕೊಂಡೆ.

ಸಿಟಿ ಸ್ಕ್ಯಾನಿನಲ್ಲೂ ಸಂಶಯ ಹೋಗಲಿಲ್ಲ. ಅಡ್ಮಿಟ್ ಆದೆ. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯ ಕ್ಯಾನ್ಸರ್ ರಿಜಿಸ್ಟ್ರಿಯ ಹೆಂಗಸೊಬ್ಬರು ಹಾಸಿಗೆಯ ಹತ್ತಿರ ಬಂದರು. ದುಂಡು ಮುಖ, ಕೈಯಲ್ಲಿ ಇಲ್ಲಿಯ ಮುತ್ತೈದೆಯರು ಹಾಕುವ ಬಿಳಿ ಶಂಖದ ಶಾಖಾ ಬಳೆ. ಸಂಶಯ ಇದ್ದವರ ವಿವರವನ್ನೂ ಮೊದಲೇ ಕೇಳಿಟ್ಟುಕೊಳ್ಳುತ್ತಾರಂತೆ. ಯಾವ ಪ್ರದೇಶದಲ್ಲಿ ಯಾವ ಕ್ಯಾನ್ಸರ್ ಎಷ್ಟು ಎಂದು ಲೆಕ್ಕ ಇಡುವುದು ಇವರ ಕೆಲಸ. ಮನೆ ಎಲ್ಲಿ ಎಂದು ಕೇಳಿದರು.

"ಧಾರವಾಡ," ಎಂದೆ.

"ಚಿಕಿತ್ಸೆಗೆಂದು ಅಲ್ಲಿಂದ ಬಂದಿರಾ?"

"ಇಲ್ಲ. ಇರುವುದು ಕಸ್ಬಾದಲ್ಲಿ."

ಆಕೆ ತಾಳ್ಮೆಯಿಂದ ಹೇಳಿದರು: ಆಸ್ಪತ್ರೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಎಲ್ಲರನ್ನೂ ಈ ಊರಿಗೆ ಸೇರಿಸಿದರೂ ತಪ್ಪು, ಇಲ್ಲಿರುವವರನ್ನು ಬಿಟ್ಟರೂ ತಪ್ಪು. ನಿಮ್ಮ ಹುಟ್ಟೂರು ಬೇಡ ದಿದಿ, ದಿನವೂ ಎಲ್ಲಿ ಮಲಗಿ ಏಳುತ್ತೀರಿ ಅದು ಬೇಕು.

"ಧಾರವಾಡ ಅಂತಲೇ ಬರೀರಿ!" ಎಂದು ಕಿರುಚಿದೆ, ಕನ್ನಡದಲ್ಲೇ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ನಮ್ಮ ಮನೆಯವರು ನನ್ನ ಭುಜ ಒತ್ತಿ ಹಿಡಿದು ಹಿಂದಿಯಲ್ಲಿ ಧಾರವಾಡ, ಧಾರವಾಡ ಎಂದರು. ಆಕೆ ಹಾಗೆಯೇ ಬರೆದುಕೊಂಡು ಹೋದರು.

ಈಗ ಯೋಚಿಸಿದರೆ ಹೆದರಿಕೆಗೆ ಎಷ್ಟು ಬುದ್ಧಿಯಿರುತ್ತದೆ ಅನಿಸುತ್ತದೆ. ಈ ರೋಗ ಅಪರೂಪವಾಗಿರುವ ಊರಿನವಳು ಎಂದು ಬರೆಸಿಬಿಟ್ಟರೆ ನನಗೂ ಅಪರೂಪವಾಗಿಬಿಡುತ್ತದೆ, ಅಂದರೆ ಇಲ್ಲದೇ ಹೋಗುತ್ತದೆ. ಅಷ್ಟೇ ನನ್ನ ಲೆಕ್ಕಾಚಾರ. ದೇವರ ಕಣ್ಣಿಗೆ ಮಣ್ಣೆರಚುವ ಆಟ.

ಪಿತ್ತಕೋಶ, ಅದಕ್ಕೆ ಅಂಟಿದ ಲಿವರಿನ ಒಂದು ಚೂರು, ಸುತ್ತಲಿನ ಲಿಂಫ್ ಗಂಟುಗಳು, ಎಲ್ಲವನ್ನೂ ತೆಗೆದರು. ಪಕ್ಕೆಯ ಕೆಳಗೆ ಉದ್ದ ಹೊಲಿಗೆ. ಕೆಮ್ಮಿದರೆ ಪ್ರಾಣ ಹೋಗುತ್ತಿತ್ತು.

ಬಯಾಪ್ಸಿ ಬಂತು.

ಅದೇ.

ಗೋಡೆಯೊಳಗೇ ಇತ್ತು, ಗಂಟುಗಳಿಗೆ ಹಬ್ಬಿರಲಿಲ್ಲ. ಬೇಸಿಗೆಯವರೆಗೆ ಬಿಟ್ಟಿದ್ದರೆ ಎಂದು ನಮ್ಮ ಮನೆಯವರು ಕೇಳಿದರು. ಸರ್ಜನ್ ತಲೆ ಅಡ್ಡ ಆಡಿಸಿದರು. ಮತ್ತೆ ಬರುವುದಿಲ್ಲ ಎಂದೂ ಹೇಳಲಿಲ್ಲ. ಕೆಲವು ತಿಂಗಳು ಕೀಮೋ ಮಾತ್ರೆ, ಆಮೇಲೆ ಸ್ಕ್ಯಾನ್ ಎಂದರು.

ಸುದ್ದಿ ಎರಡೂ ಊರಿಗೆ ಮುಟ್ಟಿತು. ಧಾರವಾಡದಿಂದ ಫೋನ್ ಮಾಡಿದವರಿಗೆಲ್ಲ ಪಾಠ ಹೇಳಬೇಕಾಯಿತು. "ಪಿತ್ತಕೋಶಕ್ಕೂ ಕ್ಯಾನ್ಸರ್ ಬರ್ತದನ ತಂಗಿ? ಕೇಳೇ ಇಲ್ಲಲ್ಲ!" ಎಂದರು ನಮ್ಮ ಅಕ್ಕ. ಆಕೆಗೆ ಗೊತ್ತಿಲ್ಲದ್ದರಿಂದ ಧೈರ್ಯವಾಗಿಯೇ ಮಾತಾಡಿದರು, ಆರಾಮ ಆಗ್ತದ ತಗೋ ಎಂದರು. ಇಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ಬೌದಿ ಹಾಸಿಗೆಯ ಅಂಚಿಗೆ ಕೂತರು, ತಮ್ಮ ಚಿಕ್ಕಮ್ಮನಿಗೂ ಇದೇ ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಕೆಳಗಿನ ಮನೆಯವರು ತಮ್ಮ ಆಫೀಸಿನ ಯಾರಿಗೋ ಇದೇ ಆಗಿತ್ತು ಎಂದರು. ಎಲ್ಲರೂ ರೋಗದ ಹೆಸರು ಕೇಳಿದೊಡನೆ ನೆಲ ನೋಡುತ್ತಿದ್ದರು. ನನಗೆ ಆ ಚಿಕ್ಕಮ್ಮ ಈಗ ಹೇಗಿದ್ದಾರೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬೌದಿ ನನ್ನ ಕಾಲು ಒತ್ತುತ್ತಾ ಕೂತಿದ್ದರು. ಸಾಯುವ ಭಯ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಮಧ್ಯಾಹ್ನ.

ಮಾತ್ರೆ ಶುರುವಾದ ಮೇಲೆ ಅಂಗೈ, ಅಂಗಾಲು ಕೆಂಪಾಗಿ ಚರ್ಮ ಸುಲಿಯತೊಡಗಿತು. ಹಿಟ್ಟು ಮುಟ್ಟಿದರೆ ಉರಿ, ರೊಟ್ಟಿ ಬಡಿಯುವ ಮಾತೇ ಇಲ್ಲ. ಬೌದಿ ದಿನವೂ ಹೆಸರುಬೇಳೆ ಗಂಜಿಯಂಥದ್ದನ್ನು, ಹಸಿಪಪ್ಪಾಯಿಯ ಪಲ್ಯವನ್ನು ತಂದಿಡುತ್ತಿದ್ದರು. ಘಮದಲ್ಲೇ ಗೊತ್ತಾಗುತ್ತಿತ್ತು, ಸಾಸಿವೆ ಎಣ್ಣೆ. ಇದೇ ಎಣ್ಣೆಯೋ, ನಾನು ದಿನಾ ಕುಡಿದ ನೀರೋ, ಯಾವುದೂ ಅಲ್ಲವೋ? ಸರ್ಜನ್ನನ್ನು ಕೇಳಿದ್ದೆ. "ನಿಮಗೆ ಯಾಕೆ ಬಂತು ಎಂದು ನಾನು ಹೇಳಲಾರೆ. ಊರಿನ ಲೆಕ್ಕದಿಂದ ಒಬ್ಬರ ಕಾರಣ ಸಿಗುವುದಿಲ್ಲ," ಎಂದಿದ್ದರು.  ಹಸಿವಿತ್ತು, ತಿಂದೆ.

ಒಂದು ದಿನ ಸುಲಿದ ಕೈಗೆ ಮುಲಾಮು ಹಚ್ಚುತ್ತಾ ರಶ್ಮಿ ಅಂದಳು: "ಅಮ್ಮಾ, ಆ ಸರ್ಜನ್‌ಗೆ ಹೆಂಗ ಗೊತ್ತಾತು, ವೇಟ್ ಮಾಡಬಾರದು ಅಂತ? ಇಲ್ಲೀ ಲೇಡೀಸ್ನ ನೋಡಿ ನೋಡಿನೇ, ನಾ?"

ಕಾಲೇಜು ಹುಡುಗಿ, ಅರ್ಧ ಕನ್ನಡ, ಅರ್ಧ ಬಾಂಗ್ಲಾ. ಆದರೆ ಮಾತು ನೇರ ಬಂದು ನಾಟಿತು. ಹೌದಲ್ಲ. ಬೌದಿಯ ಚಿಕ್ಕಮ್ಮ, ಆಫೀಸಿನ ಆ ಯಾರೋ, ತಡವಾಗಿ ಬಂದ ಎಷ್ಟೋ ಹೆಂಗಸರು. ಅವರನ್ನು ನೋಡಿದ ಕಣ್ಣಿಗೆ ನನ್ನ "ಸ್ವಲ್ಪ ದಪ್ಪ" ಕಂಡಿತು. ಅವರನ್ನು ಯಾರೋ ಲೆಕ್ಕಕ್ಕೆ ಹಿಡಿದದ್ದಕ್ಕೇ ಇಲ್ಲಿ ಇದು ಹೆಚ್ಚು ಎಂದು ಗೊತ್ತಾಯಿತು. ನಾನು ಮಾತ್ರ ಆ ಲೆಕ್ಕದಿಂದ ಬದುಕಿ, ನನ್ನನ್ನು ಬೇರೆ ಊರಿನ ಲೆಕ್ಕಕ್ಕೆ ಬರೆಸಿದ್ದೆ.

ಮಾತ್ರೆ ಮುಗಿದು ಮೊದಲ ಸ್ಕ್ಯಾನಿಗೆ ಹೋದೆ. ಸದ್ಯಕ್ಕೆ ಏನೂ ಇಲ್ಲ ಎಂದರು ಸರ್ಜನ್. ಸದ್ಯಕ್ಕೆ. ಆ ಶಬ್ದವನ್ನು ಹಿಡಿದುಕೊಂಡೇ ಬದುಕಬೇಕು ಇನ್ನು.

ಹೊರಗೆ ಬಂದು ರಿಜಿಸ್ಟ್ರಿಯ ಕೋಣೆ ಹುಡುಕಿಕೊಂಡು ಹೋದೆ. ರಶ್ಮಿ ಹಿಂದೆಯೇ ಬಂದಳು. ಶಾಖಾ ಬಳೆಯ ಹೆಂಗಸು ನನ್ನನ್ನು ಗುರುತು ಹಿಡಿದರು. ಕಿರುಚಿದವಳನ್ನು ಯಾರು ಮರೆಯುತ್ತಾರೆ!

"ನನ್ನ ವಿಳಾಸ ತಿದ್ದಿಕೊಳ್ಳಿ," ಎಂದೆ ಹಿಂದಿಯಲ್ಲಿ. "ಕೋಲ್ಕತ್ತಾ. ಕಸ್ಬಾ. ಮದುವೆಯಾದಾಗಿನಿಂದ."

ಆಕೆ ನಕ್ಕರು. ವಿಳಾಸವನ್ನು ಫ್ಲ್ಯಾಟಿನ ನಂಬರಿನವರೆಗೂ ಕೇಳಿ ತಿದ್ದಿಕೊಂಡರು. ನನಗೆ ಮತ್ತೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಡಗಿಕೊಳ್ಳಲು ಇದ್ದ ಒಂದು ಊರನ್ನೂ ಬಿಟ್ಟುಕೊಟ್ಟ ಹಾಗಾಯಿತು.

ಮೆಟ್ಟಿಲಿಳಿಯುವಾಗ ರಶ್ಮಿ ನನ್ನ ತೋಳು ಹಿಡಿದು ಕೇಳಿದಳು: "ಹಂಗಾರ ಅಮ್ಮಾ, ನಾವು ಇಲ್ಲಿಯವರೇನ?"

"ಹೂಂನವಾ. ಇಲ್ಲಿಯವರ."

ಅವಳು ಇಲ್ಲೇ ಹುಟ್ಟಿದವಳು. ಅದು ಆಗ ನೆನಪಾಗಿ ಮೆಟ್ಟಿಲ ಮೇಲೇ ನಿಂತುಬಿಟ್ಟೆ.

"ರಶ್ಮಿ, ಹೊಟ್ಟಿ ಭಾರ ಆದ್ರ ಅಂಬಲ್ ಅಂತ ಮಾತ್ರಿ ನುಂಗಿ ಸುಮ್ಮ ಇರಬ್ಯಾಡ. ಮೊದಲ ನನಗ ಹೇಳು."

"ಧುತ್, ಬಿಡು ಅಮ್ಮಾ," ಎಂದಳು. ಆಮೇಲೆ ನನ್ನ ಮುಖ ನೋಡಿ, "ಹೇಳ್ತೀನಿ," ಎಂದಳು.