ಏಣಿಯ ಪಾಲು

ಗೋಡೆಗೆ ಬಣ್ಣ ಹೊಡೆಯುವವರಲ್ಲಿ ಬೊಚ್ಚಣ್ಣನಷ್ಟು ನೆಟ್ಟಗೆ ಗೆರೆ ಎಳೆಯುವವರು ಇನ್ನೊಬ್ಬರಿರಲಿಲ್ಲ. ಗೋಡೆ ಮತ್ತು ಛಾವಣಿ ಕೂಡುವ ಕಡೆ ಉಳಿದವರು ಕಾಗದದ ಟೇಪು ಅಂಟಿಸಿ, ಉಸಿರು ಬಿಗಿಹಿಡಿದು ಹೊಡೆದರೂ ಕೆಡಿಸುತ್ತಿದ್ದರು. ಅವನು ಏಣಿಯ ಮೇಲೆ ನಿಂತು ಎರಡಿಂಚಿನ ಬ್ರಷ್ಷನ್ನು ಒಂದು ಸಲ ಎಳೆದನೆಂದರೆ ಮುಗಿಯಿತು, ಮತ್ತೆ ಅತ್ತ ನೋಡುವ ಕೆಲಸವಿಲ್ಲ. ಇಂಥ ಕೈಯಿದ್ದವನ ತಲೆ ಮಾತ್ರ ಡಬ್ಬಗಳ ಮುಚ್ಚಳವನ್ನು ಹಲ್ಲಿನಿಂದಲೇ ಕಚ್ಚಿ ತೆಗೆಯಬೇಕೆಂದು ಹೇಳುತ್ತಿತ್ತು. ಪಕ್ಕದಲ್ಲೇ ಸ್ಕ್ರೂಡ್ರೈವರ್ ಬಿದ್ದಿರುತ್ತಿತ್ತು, ಮುಟ್ಟುತ್ತಿರಲಿಲ್ಲ. “ಹಲ್ಲೇನು ಬಾಡಿಗೆಗೆ ತಂದಿದ್ದೀರಾ?” ಎಂದು ಹೆಂಡತಿ ಬೈದು ಬೈದು ಸೋತಳು. ಐವತ್ತು ತುಂಬುವಷ್ಟರಲ್ಲಿ ಬಾಯಿ ಖಾಲಿಯಾಯಿತು. ಇದ್ದ ಹೆಸರು ಮರೆತು ಎಲ್ಲರೂ ಬೊಚ್ಚಣ್ಣ ಎಂದೇ ಕರೆಯತೊಡಗಿದರು.

ಹಲ್ಲು ಹೋದ ವರ್ಷವೇ ಅವನು ಈ ಮೇಸ್ತ್ರಿಯ ಗುಂಪು ಸೇರಿದ್ದು. ಗುಂಪೆಂದರೆ ನಾಲ್ಕು ಜನ: ಮೇಸ್ತ್ರಿ, ಮೇಸ್ತ್ರಿಯ ಭಾವಮೈದ, ಕಾಲು ಉದ್ದವೆಂದು ಕೊಕ್ಕರೆ ಎನಿಸಿಕೊಂಡ ಒಬ್ಬ, ಮತ್ತು ಬೊಚ್ಚಣ್ಣ. ಜನ ನಾಲ್ಕಾದರೂ ಬಂದ ಕೂಲಿ ಐದು ಪಾಲಾಗುತ್ತಿತ್ತು. ಐದನೆಯದು ಏಣಿಯ ಪಾಲು. ಏಣಿ ಮೇಸ್ತ್ರಿಯದು, ಆದ್ದರಿಂದ ಏಣಿಯ ಪಾಲೂ ಮೇಸ್ತ್ರಿಗೇ. ಏಣಿ ಸವೆಯುತ್ತದೆ, ಮುರಿದರೆ ಹೊಸದು ತರಬೇಕು ಎನ್ನುವುದು ಅವನ ವಾದ. ಆರು ವರ್ಷ ಆ ಏಣಿ ಸವೆಯಲೂ ಇಲ್ಲ, ಮುರಿಯಲೂ ಇಲ್ಲ. ಸವೆದದ್ದು ಅದನ್ನು ಹತ್ತಿ ಇಳಿದವರ ಮಂಡಿ ಮಾತ್ರ. ಆದರೂ ಕಸುಬಿನ ಪದ್ಧತಿಯೆಂದು ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ತಕರಾರು ತೆಗೆಯಬೇಕಾಗಿದ್ದದ್ದು ಶನಿವಾರದ ಊಟದ ಬಗ್ಗೆ. ಸಂಜೆ ಕೈಕಾಲು ತೊಳೆದುಕೊಂಡು ನಾಲ್ವರೂ ಹೊರಗೆ ಊಟಕ್ಕೆ ಹೋಗುವುದು ರೂಢಿ. ಬರುವುದಿಲ್ಲ ಎನ್ನುವಂತಿರಲಿಲ್ಲ, ಏಕೆಂದರೆ ವಾರದ ಕೂಲಿಯನ್ನು ಹಂಚುತ್ತಿದ್ದದ್ದೇ ಆ ಊಟದ ಮೇಜಿನಲ್ಲಿ, ಬಿಲ್ಲಿನ ಹಣ ಮುರಿದುಕೊಂಡ ಮೇಲೆ. “ಇಲ್ಲಿ ಮೇಸ್ತ್ರಿ ಗೀಸ್ತ್ರಿ ಯಾರೂ ಇಲ್ಲಪ್ಪಾ, ಎಲ್ರೂ ಸ್ನೇಹಿತರೇ,” ಎಂದು ಮೇಸ್ತ್ರಿ ಮೂಳೆ ಚೀಪುತ್ತ ಹೇಳುತ್ತಿದ್ದ. “ತಲೆಗಿಷ್ಟು ಅಂತ ಸಮ ಹಂಚ್ಕೊಂಡ್ರಾಯ್ತು.”

ಎಂಥ ಸಮ! ಮೇಸ್ತ್ರಿಗೆ ಎರಡು ತಟ್ಟೆ ಹುರಿದ ಮಾಂಸ, ಭಾವಮೈದನಿಗೆ ಮೂರು, ಜೊತೆಗೆ ಇಬ್ಬರಿಗೂ ಬಾಟಲಿ. ಕೊಕ್ಕರೆ ಕುಡಿಯುತ್ತಿರಲಿಲ್ಲ, ಆ ನಷ್ಟವನ್ನೂ ಮಾಂಸದಲ್ಲೇ ತುಂಬಿಕೊಳ್ಳುತ್ತಿದ್ದ. ಬೊಚ್ಚಣ್ಣನಿಗೆ ಎರಡು ಬಟ್ಟಲು ಸೂಪು. ಅದನ್ನು ಊದಿ ಊದಿ ಕುಡಿದು, ಉಳಿದ ಮೂವರ ದವಡೆ ಆಡುವುದನ್ನು ನೋಡುತ್ತ ಕೂತಿದ್ದು, ಕೊನೆಗೆ ಕಾಲು ಭಾಗ ಬಿಲ್ಲು ಕೊಟ್ಟು ಮನೆಗೆ ಹೋಗುತ್ತಿದ್ದ. ಹೆಂಡತಿ ಕೇಳಿದರೆ “ಸ್ನೇಹಿತರ ಮಧ್ಯೆ ಅದೆಲ್ಲ ನೋಡ್ಬಾರದು ಕಣೇ” ಎನ್ನುತ್ತಿದ್ದ. ಸ್ನೇಹಿತ ಎಂದು ಯಾರಾದರೂ ಕರೆದರೆ ಸಾಕು, ಕರಗಿ ನೀರಾಗುವ ಪೈಕಿ ಈ ಮನುಷ್ಯ. ಅದನ್ನು ಮೇಸ್ತ್ರಿ ಮೊದಲ ವಾರವೇ ಕಂಡುಕೊಂಡಿದ್ದ.

ಅತ್ತ ಬೊಚ್ಚಣ್ಣನ ಹೊಸ ಹಲ್ಲಿನ ಸೆಟ್ಟು ತಯಾರಾಗಿ ಹಲ್ಲಿನ ಡಾಕ್ಟರ ಬೀರುವಿನಲ್ಲಿ ಕೂತಿತ್ತು. ಎರಡು ವರ್ಷ ಚೂರು ಚೂರೇ ಉಳಿಸಿ ಕಟ್ಟಿದ್ದ ಹಣಕ್ಕೆ ಇನ್ನೂ ಐನೂರು ಕಡಿಮೆ. ಬಾಕಿ ಕಟ್ಟಲು ಹೋದಾಗಲೆಲ್ಲ ಡಾಕ್ಟರಮ್ಮ ಒಂದು ನಿಮಿಷ ಹಾಕಿಕೊಂಡು ನೋಡಲು ಕೊಡುತ್ತಿದ್ದರು. ಅವನು ಕನ್ನಡಿಯ ಮುಂದೆ ಹಲ್ಲು ಕಿರಿದು, ತೆಗೆದು, ತೊಳೆದು ವಾಪಸು ಕೊಟ್ಟು ಬರುತ್ತಿದ್ದ. ಕೊನೆಗೆ ಅವರೇ ಗದರಿದರು. “ನಿಮ್ಮ ವಸಡು ಕುಗ್ತಾ ಇದೆ. ಸೋಮವಾರ ತಗೊಂಡು ಹೋಗ್ಲಿಲ್ಲ ಅಂದ್ರೆ ಆಮೇಲೆ ನಾನು ಎರಡು ತಿಂಗಳು ಇರಲ್ಲ. ಅಷ್ಟರಲ್ಲಿ ಇದು ಬಾಯಲ್ಲಿ ನಿಲ್ಲಲ್ಲ. ಮತ್ತೆ ಅಚ್ಚು, ಮತ್ತೆ ಮೊದಲಿಂದ ದುಡ್ಡು.”

ಸೋಮವಾರಕ್ಕೆ ಮೊದಲು ಇದ್ದದ್ದು ಒಂದೇ ಶನಿವಾರ. ಆ ವಾರ ದೊಡ್ಡ ಮನೆಯೊಂದರ ಕೆಲಸ ಮುಗಿದಿತ್ತು, ಮೇಸ್ತ್ರಿಯ ನಾಲಿಗೆಗೆ ಹಿಡಿತವಿರಲಿಲ್ಲ. ತಟ್ಟೆಯ ಮೇಲೆ ತಟ್ಟೆ ತರಿಸಿದ. ಬಿಲ್ಲು ಎರಡು ಸಾವಿರದ ನಾನೂರಾಯಿತು.

“ತಲೆಗೆ ಆರ್ನೂರು,” ಎಂದ ಮೇಸ್ತ್ರಿ, ಬೊಚ್ಚಣ್ಣನ ಕೂಲಿಯಿಂದ ನೋಟು ಎಣಿಸಿ ತೆಗೆಯುತ್ತ. ಆ ಆರುನೂರು ಹೋದರೆ ಮನೆ ಖರ್ಚಿನ ಹಣ ಮಾತ್ರ ಉಳಿಯುತ್ತಿತ್ತು. ಹಲ್ಲಿನ ಆಸೆ ಬಿಡಬೇಕಿತ್ತು. ಬೊಚ್ಚಣ್ಣನ ಕಿವಿ ಕೆಂಪಾಯಿತು.

“ಮೇಸ್ತ್ರಿ, ತಲೆ ಎಷ್ಟು?”

“ಕಣ್ಣು ಕಾಣಲ್ವಾ? ನಾಲ್ಕು.”

“ಕೂಲಿ ಹಂಚೋವಾಗ ಐದಿತ್ತಲ್ಲ?”

ಭಾವಮೈದ ಪಕಪಕ ನಕ್ಕ. “ಏಣಿ ಎಲ್ಲಾದ್ರೂ ಮಾಂಸ ತಿನ್ನುತ್ತಾ ಬೊಚ್ಚಣ್ಣಾ?”

“ನಾನು ತಿಂತೀನಾ?” ಬೊಚ್ಚಣ್ಣ ಬಾಯಿ ಅಗಲಿಸಿ ಮೂವರಿಗೂ ಸರದಿಯ ಪ್ರಕಾರ ತೋರಿಸಿದ. “ನೋಡಿ, ಚೆನ್ನಾಗಿ ನೋಡಿ. ಒಂದಾದ್ರೂ ಇದೆಯಾ? ತಿನ್ನದೇ ಇರೋರಲ್ಲಿ ನಾನೂ ಏಣೀನೂ ಒಂದೇ. ಹಾಕಿದ್ರೆ ಇಬ್ರಿಗೂ ಹಾಕಿ, ಬಿಟ್ರೆ ಇಬ್ರನ್ನೂ ಬಿಡಿ.”

ಮೇಸ್ತ್ರಿ ಓದಿದ್ದು ಅಷ್ಟಕ್ಕಷ್ಟೇ, ಆದರೆ ಲೆಕ್ಕದಲ್ಲಿ ಯಾರಿಗೂ ಬಗ್ಗುವವನಲ್ಲ. ಐದು ಪಾಲು ಮಾಡಿದರೆ ಏಣಿಯದೂ ಸೇರಿ ತನಗೆ ಒಂಬೈನೂರ ಅರವತ್ತು. ಮೂರು ಮಾಡಿದರೆ ಎಂಟುನೂರು. ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಮುಖದ ಮೇಲೆ ದಯೆ ಉಕ್ಕಿ ಬಂತು.

“ಪಾಪ, ಹಲ್ಲಿಲ್ಲದ ಮನುಷ್ಯನ ಹತ್ರ ತಗೋಳ್ಳೋದು ತಪ್ಪಪ್ಪಾ. ನಾವು ಮೂವರೇ ಹಾಕ್ಕೊಳ್ಳೋಣ.”

“ಎರಡು ಬಟ್ಟಲು ಸೂಪ್ ಕುಡಿದ್ನಲ್ಲ, ಅದು?” ಎಂದ ಕೊಕ್ಕರೆ.

ಬೊಚ್ಚಣ್ಣ ಸೂಪಿನ ಎಂಬತ್ತು ಎಣಿಸಿ ಮೇಜಿನ ಮೇಲಿಟ್ಟ. ನ್ಯಾಯವಾಗಿ ಆ ಎಂಬತ್ತು ಮೂವರ ಪಾಲಿನಲ್ಲಿ ಕಡಿಮೆಯಾಗಬೇಕಿತ್ತು. ಮೇಸ್ತ್ರಿ ಎಂಟೆಂಟುನೂರನ್ನೇ ಮುರಿದುಕೊಂಡು ಎಂಬತ್ತನ್ನು ತನ್ನ ಜೇಬಿಗಿಳಿಸಿದ, ಕೊಕ್ಕರೆಗೆ ಅದು ಗೊತ್ತಾಗಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬೊಚ್ಚಣ್ಣ ಡಾಕ್ಟರಮ್ಮನಿಗೆ ಬಾಕಿ ಕಟ್ಟಿ ಹಲ್ಲು ಹಾಕಿಕೊಂಡೇ ಕೆಲಸಕ್ಕೆ ಬಂದ. ಚೆನ್ನಾಗಿದೆ ಎಂದು ಬಾಯಿಮಾತಿಗಾದರೂ ಒಬ್ಬರೂ ಹೇಳಲಿಲ್ಲ. ಕೊಕ್ಕರೆಯಂತೂ ಬಕೆಟ್ಟು ಕುಕ್ಕಿದ. “ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಂಗೆ ಇನ್ನೂರು ಉಳೀತಿತ್ತು.” ಆರು ವರ್ಷ ಏಣಿಯ ಪಾಲನ್ನು ನುಂಗಿದವನ ಮೇಲೆ ಅವನಿಗೆ ಸಿಟ್ಟಿಲ್ಲ, ಎರಡು ಬಟ್ಟಲು ಸೂಪು ಕುಡಿದವನ ಮೇಲೆ ಸಿಟ್ಟು. ಇಂಥವರಿಗೆ ಏನೆಂದು ಹೇಳುವುದು?

ಮುಂದಿನ ಶನಿವಾರ, ಯಾರು ತಿಂದದ್ದಕ್ಕೆ ಅವರವರೇ ಕೊಡೋಣ ಎಂದು ಕೊಕ್ಕರೆಯೇ ಹಟ ಹಿಡಿದ. ಅಷ್ಟೇ, ಎಲ್ಲರ ಹಸಿವೂ ಮಾಯವಾಯಿತು. ಮೂರು ತಟ್ಟೆ ಬಾರಿಸುತ್ತಿದ್ದ ಭಾವಮೈದನಿಗೆ ಹೊಟ್ಟೆನೋವು. ಕೊಕ್ಕರೆಗೆ ಮನೆಯಲ್ಲಿ ನೆಂಟರು. ಮೇಸ್ತ್ರಿ ಕೆಲಸದ ಜಾಗದಲ್ಲೇ ಕೂಲಿ ಹಂಚಿ, ಎಂದಿನಂತೆ ಐದು ಪಾಲು ಮಾಡಿ, “ಹೊರಗಿನ ಊಟ ಈಗ ಒಗ್ಗಲ್ಲಪ್ಪಾ” ಎಂದು ಹೊಟ್ಟೆ ನೀವಿಕೊಂಡ. ಆರು ವರ್ಷದ ಸ್ನೇಹ ಒಂದೇ ಸಂಜೆಗೆ ಮುಗಿಯಿತು.

ಬೊಚ್ಚಣ್ಣನಿಗೆ ನೋವಾಯಿತು. ಮೂರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಅದೇ ಹೋಟೆಲಿಗೆ ಹೋಗಿ, ಅದೇ ಮೇಜಿನಲ್ಲಿ ಕೂತು, ಒಂದು ತಟ್ಟೆ ಹುರಿದ ಮಾಂಸ ತರಿಸಿದ. ದೊಡ್ಡದೊಂದು ತುಂಡನ್ನು ಬಾಯಿಗಿಟ್ಟುಕೊಂಡು ಅಗಿದ. ಬಲಕ್ಕೆ ಅಗಿದ, ಎಡಕ್ಕೆ ಅಗಿದ. ಹೊಸ ಹಲ್ಲು ಗಟ್ಟಿಯಾಗಿಯೇ ಇತ್ತು.

“ಹೇಗಿದೆ ರೀ?” ಎಂದಳು ಹೆಂಡತಿ, ಆಸೆಯಿಂದ ಮುಂದೆ ಬಾಗಿ.

ಅವನು ತುಂಡನ್ನು ತೆಗೆದು ತಟ್ಟೆಯ ಅಂಚಿಗಿಟ್ಟ. “ಬರೀ ರಬ್ಬರು ಕಣೇ. ಸ್ವಂತ ದುಡ್ಡಾಗಿದ್ರೆ ಆ ಮೂವರೂ ಇದನ್ನ ಮೂಸಿ ಕೂಡ ನೋಡ್ತಿರ್ಲಿಲ್ಲ.”